ಕ್ವಿಲ್ ಯಾಕೆ ಸುಟ್ಟುಹೋಗಲಿಲ್ಲ ಅಂದ್ರೆ

ಮಂಡ್ಯದ ಗೆಳೆಯರೇ, ಮಾರ್ವೆಲ್‌ನ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಸಿನಿಮಾದಲ್ಲಿ ಪವರ್ ಸ್ಟೋನ್ (ಅಪಾರ ಶಕ್ತಿಯ ಆರು ಇನ್ಫಿನಿಟಿ ಕಲ್ಲುಗಳಲ್ಲಿ ಒಂದು) ಮುಟ್ಟಿದ ಕರೀನಾ ಸಿಡಿದುಹೋದಳು, ನಾಯಕ ಕ್ವಿಲ್ ಮಾತ್ರ ಹೇಗೆ ಉಳಿದ ಅಂತ ಕೇಳಿದ್ದೀರಿ. ಅವನು ಪೂರ್ತಿ ಮನುಷ್ಯನಲ್ಲ. ಅಪ್ಪ ಈಗೋ ಒಬ್ಬ ಸೆಲೆಸ್ಟಿಯಲ್, ಅಂದ್ರೆ ದೇವರಂಥ ಶಕ್ತಿಯ ಬಾಹ್ಯಾಕಾಶ ಜೀವಿ. ಅದು ಗೊತ್ತಾಗುವುದು 2017ರಲ್ಲಿ ಬಂದ ಆ ಸಿನಿಮಾದ ಎರಡನೇ ಭಾಗದಲ್ಲಿ. ಆದರೂ ಒಬ್ಬನೇ ಹಿಡಿದಾಗ ಮೈಯೆಲ್ಲ ಬಿರುಕು ಬಿಡುತ್ತಿತ್ತು, ಅಲ್ವಾ? ಜೊತೆಗಾರರಾದ ಗಮೋರಾ, ಡ್ರ್ಯಾಕ್ಸ್, ರಾಕೆಟ್ ಬಂದು ಕೈ ಹಿಡಿದುಕೊಂಡ ಮೇಲೇ ತಡೆದುಕೊಂಡದ್ದು. ನಿಮ್ಮೂರ ಕಬ್ಬಿನ ಹೊರೆಗೆ ನಾಲ್ಕು ಜನ ಹೆಗಲು ಕೊಟ್ಟ ಹಾಗೆ. ಖಳನಾಯಕ ರೋನನ್ ಜಾಣ, ಕಲ್ಲನ್ನು ಸುತ್ತಿಗೆಯಲ್ಲಿ ಕೂರಿಸಿಕೊಂಡ.

ಆರೂ ಕಲ್ಲು ಸೇರಿದರೆ ಕಥೆಯೇ ಬೇರೆ. ಲೋಕದ ಅರ್ಧ ಜೀವಿಗಳನ್ನು ಅಳಿಸಲು ಚಿಟಿಕೆ ಹೊಡೆದ ಖಳನಾಯಕ ಥಾನೋಸ್‌ನ ಕೈಯೇ ಸುಟ್ಟಿತು! ಆ ಕಲ್ಲುಗಳ ವಿಕಿರಣ ಹೆಚ್ಚಾಗಿ ಗಾಮಾ. ಅದಕ್ಕೇ 2019ರ ಸಿನಿಮಾ ಅವೆಂಜರ್ಸ್: ಎಂಡ್‌ಗೇಮ್‌ನಲ್ಲಿ ಅಳಿದವರನ್ನು ಮರಳಿ ತರುವ ಚಿಟಿಕೆ, ಗಾಮಾದಿಂದಲೇ ಹುಟ್ಟಿದ ಹಲ್ಕ್ ತಲೆಗೆ ಬಂತು. ಅವನ ಬಲಗೈಯೂ ಸುಟ್ಟು ಕರಕಲಾಯಿತು. ಕೊನೆಗೆ ಚಿಟಿಕೆ ಹೊಡೆದ ಟೋನಿ (ಐರನ್ ಮ್ಯಾನ್) ಬರೀ ಮನುಷ್ಯ, ಉಳಿಯಲಿಲ್ಲ.

ಇನ್ನು ಕಾಮಿಕ್ಸ್ ಓದಿದರೆ ಕಲ್ಲುಗಳ ಬಣ್ಣ ನೋಡಿ ಗಾಬರಿಯಾಗಬೇಡಿ. 1991ರ ಇನ್ಫಿನಿಟಿ ಗಾಂಟ್ಲೆಟ್ ಸರಣಿಯಲ್ಲಿ ಪವರ್ ಕೆಂಪು, ಟೈಮ್ ಕಿತ್ತಳೆ. ಸಿನಿಮಾದಲ್ಲಿ ಪವರ್ ನೇರಳೆ, ಟೈಮ್ ಹಸಿರು. ಇದರ ಮೇಲೆ ನಮ್ಮ ಮೈಸೂರಿನ ಸರಸ್ವತಿಪುರಂ ಟೀ ಅಂಗಡಿ ಮುಂದೆ ಈಗಲೂ ಸುಮ್ನೆ ಜಗಳ ಆಗುತ್ತಿರುತ್ತದೆ.