ರಾಜನಿಗೆ ಗೊತ್ತಿಲ್ದ ಅಡ್ರೆಸ್ಸು

ಪ್ರಶ್ನೆ: ಮೇಡಂ ನಮಸ್ತೆ. ನಾನು ಹಾಸನದ ಕಡೆಯವಳು, ಒಂಬತ್ತು ವರ್ಷದಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿ ನರ್ಸ್ ಆಗಿದೀನಿ. ಇಲ್ಲಿ ಲೈಬ್ರರಿಲಿ ನಮ್ದೊಂದು ಬರೆಯೋರ ಗುಂಪಿದೆ, ಹನ್ನೆರಡು ಜನ. ಈ ಡಿಸೆಂಬರ್‌ಗೆ ಒಬ್ಬೊಬ್ರೂ ಒಂದೊಂದು ಕ್ರಿಸ್ಮಸ್ ಕ್ಯಾರಲ್ (ಹಬ್ಬದ ಹಾಡು) ಇಟ್ಕೊಂಡು ಸಣ್ಣ ಕಥೆ ಬರೆದು, ಪುಸ್ತಕ ಮಾಡಿ ಮಾರಿ, ಬಂದ ದುಡ್ಡನ್ನ ಕಷ್ಟದಲ್ಲಿರೋರಿಗೆ ಫ್ರೀಯಾಗಿ ದಿನಸಿ ಕೊಡೋ ಫುಡ್ ಬ್ಯಾಂಕಿಗೆ ಕೊಡೋದು ಅಂತ ಮಾತಾಗಿದೆ. ಚೀಟಿ ಎತ್ತಿದಾಗ ನಂಗೆ ಬಂದಿದ್ದು ‘ಗುಡ್ ಕಿಂಗ್ ವೆನ್ಸೆಸ್ಲಾಸ್’. ಮೂರು ಸಲ ಬರೆದೆ, ಮೂರು ಸಲನೂ ಹಾಡನ್ನೇ ಗದ್ಯದಲ್ಲಿ ಹೇಳಿದ ಹಂಗಾಯ್ತು. ಈ ಹಾಡು ಕೇಳ್ಕೊಂಡು ಬೆಳೆದವಳೂ ಅಲ್ಲ ನಾನು. ಏನ್ಮಾಡ್ಲಿ?

ಉತ್ತರ: ಕೇಳ್ಕೊಂಡು ಬೆಳೆದಿಲ್ಲ ಅನ್ನೋದೇ ನಿಮಗೆ ಲಾಭ ಕಣ್ರೀ. ಅಲ್ಲಿನವ್ರಿಗೆ ಆ ಹಾಡು ನಮಗೆ ಪುಣ್ಯಕೋಟಿ ಇದ್ದ ಹಾಗೆ, ಬಾಯಿಪಾಠ ಆಗಿರೋದ್ರಿಂದ ಅದರಲ್ಲಿ ಏನಿದೆ ಅಂತ ಯಾರೂ ನೋಡೋಕೆ ಹೋಗಲ್ಲ. ನೀವು ರಾಗ ಮರೆತು, ಕೇಸ್ ಶೀಟ್ ಓದೋ ಥರ ನಿಧಾನಕ್ಕೆ ಒಂದ್ಸಲ ಓದಿ.

ಗೊತ್ತಿಲ್ದೇ ಇರೋ ಓದುಗರಿಗೆ ಕಥೆ ಇಷ್ಟು: ಸಂತ ಸ್ಟೀಫನ್ನರ ಹಬ್ಬದ ದಿನ, ಅಂದ್ರೆ ಡಿಸೆಂಬರ್ 26ಕ್ಕೆ, ರಾಜ ಕಿಟಕಿಯಿಂದ ಹೊರಗೆ ನೋಡ್ತಾನೆ. ಸುತ್ತ ಹಿಮ, ಬೆಳದಿಂಗಳು, ಒಬ್ಬ ಬಡವ ಸೌದೆ ಆರಿಸ್ತಿದಾನೆ. ರಾಜ ತನ್ನ ಆಳುಹುಡುಗನ್ನ ಕರೆದು ಯಾರಪ್ಪಾ ಅವ್ನು, ಮನೆ ಎಲ್ಲಿ ಅಂತಾನೆ. ಹುಡುಗ ಹೇಳ್ತಾನೆ. ಇಬ್ರೂ ಮಾಂಸ, ವೈನು, ಸೌದೆ ಹೊತ್ಕೊಂಡು ಹೊರಡ್ತಾರೆ, ದಾರೀಲಿ ಗಾಳಿ ಜೋರಾಗಿ ಹುಡುಗ ಸೋತು ಹೋಗ್ತಾನೆ, ಆಗ ರಾಜನ ಹೆಜ್ಜೆ ಗುರುತಲ್ಲೇ ಕಾಲಿಟ್ರೆ ಬೆಚ್ಚಗಿರತ್ತೆ ಅನ್ನೋ ಪವಾಡ. ಈ ರಾಜ ನಿಜಕ್ಕೂ ಇದ್ದವನು, 10ನೇ ಶತಮಾನದ ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಡ್ಯೂಕ್, ಪ್ರಾಗ್ ನಗರದ ದೊಡ್ಡ ಚೌಕಕ್ಕೆ ಈಗ್ಲೂ ಅವನದೇ ಹೆಸರು. ಹಾಡು ಬರೆದಿದ್ದು ಮಾತ್ರ ಇಂಗ್ಲೆಂಡಿನ ಪಾದ್ರಿ ಜಾನ್ ಮೇಸನ್ ನೀಲ್, 1853ರಲ್ಲಿ, ಅದೂ 1582ರಷ್ಟು ಹಳೇ ಪುಸ್ತಕದಲ್ಲಿದ್ದ ಒಂದು ವಸಂತದ ಹಾಡಿನ ರಾಗಕ್ಕೆ!

ಈಗ ನೋಡಿ. ಆ ಬಡವ ಯಾರು ಅಂತ ರಾಜನಿಗೆ ಗೊತ್ತಿಲ್ಲ, ಆದ್ರೆ ಹುಡುಗನಿಗೆ ಪೂರ್ತಿ ಅಡ್ರೆಸ್ಸೇ ಗೊತ್ತು. ಇಲ್ಲಿಂದ ಒಂದು ಲೀಗ್ ದೂರ (ಸುಮಾರು ಮೂರು ಮೈಲಿ), ಬೆಟ್ಟದ ಬುಡ, ಕಾಡಿನ ಬೇಲಿಗೆ ಒತ್ಕೊಂಡು, ಸಂತ ಆಗ್ನೆಸ್ ಬುಗ್ಗೆ ಹತ್ರ, ಹೀಗೆ ಪೋಸ್ಟ್‌ಮ್ಯಾನ್ ಹೇಳ್ದಂಗೆ ಹೇಳ್ತಾನೆ. ಹೆಂಗೆ ಗೊತ್ತು? ಅವನ ಮಾವನೋ, ಪಕ್ಕದ ಮನೆಯವನೋ, ಇಲ್ಲಾ ಅವನ ಅಪ್ಪನೇನೋ? ಅರಮನೆ ಅಡುಗೆಮನೇಲಿ ದಿನಾ ಮಿಕ್ಕಿದ್ದು ನೋಡೋ ಹುಡುಗ ಇಷ್ಟು ದಿನ ಯಾಕೆ ಬಾಯಿ ಬಿಟ್ಟಿರಲಿಲ್ಲ? ಇನ್ನೊಂದು ವಿಷ್ಯ, ಹಾಡಲ್ಲಿ ಬಡವ ಒಂದೇ ಒಂದು ಮಾತೂ ಆಡಲ್ಲ, ಅಷ್ಟೇ ಅಲ್ಲ, ಅವ್ರು ಅವನ ಮನೆ ಬಾಗಿಲು ತಟ್ಟೋ ಮುಂಚೆನೇ ಹಾಡು ಮುಗಿದುಹೋಗತ್ತೆ. ನಿಮ್ಮ ಕಥೆ ಆ ಬಾಗಿಲಿಂದ ಶುರುವಾಗ್ಲಿ. ರಾಜ ಹೊಸ್ತಿಲಲ್ಲಿ ನಿಂತಿದಾನೆ, ಒಳಗಿರೋನಿಗೆ ಖುಷಿನೇ ಆಗಬೇಕು ಅಂತೇನಿಲ್ಲ, ಭಯ ಆಗಬಹುದು, ಮನೇಲಿ ಕೂರ್ಸೋಕೆ ಒಂದು ಮಣೆ ಇಲ್ವಲ್ಲ ಅಂತ ನಾಚಿಕೆ ಆಗಬಹುದು, ರಾಜನ ಕಾಡಿಂದ ಕದ್ದ ಸೌದೆ ಮೂಲೇಲೇ ಬಿದ್ದಿರಬಹುದು. ಬರ್ಮಿಂಗ್‌ಹ್ಯಾಮ್‌ಗೇ ತರ್ತೀನಿ ಅಂದ್ರೂ ಸರಿ, ಫುಡ್ ಬ್ಯಾಂಕ್ ಕ್ಯೂನಲ್ಲಿ ತನ್ನ ವಾರ್ಡಿನ ಆಯಾನ ನೋಡಿದ ನರ್ಸ್ ಒಬ್ಳು ಮುಖ ಆಕಡೆ ತಿರುಗಿಸ್ತಾಳಾ, ಮಾತಾಡಿಸ್ತಾಳಾ? ಇದು ನಿಮಗೇ ಬರೆಯೋಕೆ ಬರೋ ಕಥೆ.

ಗುಂಪಿನ ಉಳಿದವ್ರಿಗೂ ಇದನ್ನೇ ಹೇಳಿ, ಹಾಡು ಯಾರನ್ನ ಮಾತಾಡಿಸದೆ ಮುಂದೆ ಹೋಗತ್ತೋ ಅವ್ರನ್ನ ಹಿಡ್ಕೊಳ್ಳಿ ಅಂತ. ಹನ್ನೆರಡು ದಿನ ದಿನಾ ಪ್ರೇಮಿ ಕಳಿಸೋ ಉಡುಗೊರೆಗಳ ಹಾಡು ‘ಟ್ವೆಲ್ವ್ ಡೇಸ್’ ಸಿಕ್ಕಿದವ್ರು ಪುಣ್ಯವಂತರು. ಕೂಡಿಸಿ ನೋಡಿದ್ರೆ ಒಟ್ಟು 364 ಉಡುಗೊರೆ, ಅದರಲ್ಲಿ ಹಂಸ, ಬಾತು, ಕೋಳಿ, ಹಾಲು ಕರೆಯೋ ಹುಡುಗೀರು ಎಲ್ಲ ಇದಾರೆ, ಬಾಡಿಗೆ ಮನೆ ಓನರ್ ಕಡೆಯಿಂದ ಬರೆದ್ರೆ ನಕ್ಕೂ ನಕ್ಕೂ ಸಾಕಾಗತ್ತೆ. ‘ಸೈಲೆಂಟ್ ನೈಟ್’ ಸಿಕ್ಕವ್ರು ಮಾತ್ರ ದಯವಿಟ್ಟು ಚರ್ಚಿನ ಆರ್ಗನ್ನಿನ ತಿದಿನ ಇಲಿ ಕಡಿದಿದ್ದಕ್ಕೇ ಹಾಡು ಗಿಟಾರ್‌ಗೆ ಹುಟ್ಟಿತು ಅನ್ನೋ ಕಥೆ ಬರೀಬೇಡಿ, ಅದು ಆಮೇಲೆ ಕಟ್ಟಿದ್ದು, ಎಲ್ಲಾರೂ ಬರೆದು ಸವೆದೂ ಹೋಗಿದೆ. 1818ರ ಕ್ರಿಸ್ಮಸ್ ಹಿಂದಿನ ದಿನ ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಪಾದ್ರಿ ಮೋರ್ ತಾನು ಎರಡು ವರ್ಷ ಮುಂಚೆ ಬರೆದಿದ್ದ ಪದ್ಯ ತಗೊಂಡು ಸ್ಕೂಲ್ ಮೇಷ್ಟ್ರು ಗ್ರೂಬರ್ ಹತ್ರ ಹೋಗಿ ಗಿಟಾರ್‌ಗೆ ಟ್ಯೂನ್ ಮಾಡಿಕೊಡಿ ಅಂದ, ಅದೇ ರಾತ್ರಿ ಇಬ್ರೂ ಹಾಡಿದ್ರು. ಹಬ್ಬದ ಹಿಂದಿನ ದಿನ ಇಂಥ ಕೆಲಸ ಹಚ್ಚಿದ್ರೆ ಮೇಷ್ಟ್ರ ಹೆಂಡ್ತಿ ಏನಂದಿರಬಹುದು, ಅದನ್ನ ಬರೀರಿ.

ದಾನಕ್ಕೆ ಅಂತ ಬರೆಯೋವಾಗ ಒಂದು ಕಾಯಿಲೆ ಅಂಟ್ಕೊಳತ್ತೆ, ಓದೋರನ್ನ ಅಳಿಸಲೇಬೇಕು ಅನ್ನೋದು. ನಾನೂ ಹಿಂದೊಮ್ಮೆ ನೆರೆ ಪರಿಹಾರದ ಸಂಕಲನಕ್ಕೆ ಅಂತ ಬರೆದಿದ್ದೆ, ಅದರಲ್ಲಿ ಹದಿನಾಲ್ಕು ಕಥೆ, ಹದಿನಾಲ್ಕರಲ್ಲೂ ಕಣ್ಣೀರು, ಕೊಂಡವ್ರು ಪುಣ್ಯಕ್ಕೆ ಕೊಂಡು ಶೆಲ್ಫಿಗೆ ಸೇರಿಸಿದ್ರು. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದ. 1843ರಲ್ಲಿ ಗಣಿ, ಕಾರ್ಖಾನೆಲಿ ದುಡಿಯೋ ಮಕ್ಕಳ ಬಗ್ಗೆ ಸರ್ಕಾರಿ ವರದಿ ಓದಿ ಮೊದಲು ಒಂದು ಕರಪತ್ರ ಬರೆಯೋಣ ಅಂತಿದ್ದವನು, ಅದನ್ನ ಬಿಟ್ಟು ಕಥೆ ಬರೆದ, ಅದೇ ‘ಎ ಕ್ರಿಸ್ಮಸ್ ಕ್ಯಾರಲ್’. ಅದರ ಅಧ್ಯಾಯಗಳಿಗೆ ಹಾಡಿನ ಚರಣ ಅನ್ನೋ ಅರ್ಥದ ‘ಸ್ಟೇವ್’ ಅಂತ ಹೆಸರಿಟ್ಟ. ಆ ಪುಸ್ತಕನ ಅವನು ಸಾರ್ವಜನಿಕರ ಮುಂದೆ ಮೊದಲು ಓದಿದ್ದು ನಿಮ್ಮೂರಲ್ಲೇ, ಬರ್ಮಿಂಗ್‌ಹ್ಯಾಮ್ ಟೌನ್‌ಹಾಲ್‌ನಲ್ಲಿ, 1853ರ ಡಿಸೆಂಬರ್ 27ಕ್ಕೆ, ಒಂದು ವಿದ್ಯಾಸಂಸ್ಥೆಗೆ ದುಡ್ಡು ಎತ್ತೋಕೆ. ವೆನ್ಸೆಸ್ಲಾಸ್ ಹಾಡು ಬಂದ ವರ್ಷವೇ ಅದು, ನೋಡಿ ಹೆಂಗೆ ಕೂಡ್ಬಂತು. 30ಕ್ಕೆ ಮತ್ತೆ ಓದಿದ, ಅವತ್ತು ಕೂಲಿಕಾರರಿಗೆ ಅಂತ ಅವನೇ ಹಟ ಹಿಡಿದು ಆರು ಪೆನ್ಸ್ ಟಿಕೆಟ್ ಮಾಡಿಸಿದ್ದ. ನೀವೂ ಪುಸ್ತಕ ಮಾರೋದರ ಜೊತೆ ಒಂದು ಸಂಜೆ ಲೈಬ್ರರಿಲಿ ಓದಿ, ಫುಡ್ ಬ್ಯಾಂಕಿಗೆ ಬರೋರನ್ನ ಫ್ರೀಯಾಗಿ ಕೂರಿಸಿ. ಹಾಂ, ಪುಸ್ತಕದ ಬೆಲೆ ಮೇಲೆ ಗಿಫ್ಟ್ ಏಡ್ (ದಾನಿ ಕಟ್ಟಿದ ತೆರಿಗೆನ ಅಲ್ಲಿನ ಸರ್ಕಾರ ಸಂಸ್ಥೆಗೆ ಕೊಡೋ ಸ್ಕೀಮು) ಸಿಗಲ್ಲ, ಅದು ಬರೀ ದಾನಕ್ಕೆ, ಆದ್ರಿಂದ ಪಕ್ಕದಲ್ಲೊಂದು ಡಬ್ಬಿ ಬೇರೆ ಇಡಿ.

ಪ್ರಶ್ನೆ: ನಾವು ಮಂಗಳೂರಿನ ಯೂತ್ ಗ್ರೂಪ್. ಡಯಾಲಿಸಿಸ್ ಪೇಷೆಂಟ್‌ಗಳ ನೆರವಿಗೆ ಕ್ಯಾರಲ್ ಕಥೆಗಳ ಪುಸ್ತಕ ತರ್ತಿದೀವಿ. ಹಾಡಿನ ಸಾಲುಗಳನ್ನ ಹಾಕಬಹುದಾ? ಕಲರ್ ಪ್ರಿಂಟ್, ಹಾರ್ಡ್ ಬೈಂಡ್ ಮಾಡ್ಸೋಣ ಅಂತಿದಾರೆ ಕೆಲವ್ರು.

ಉತ್ತರ: ಹಳೇ ಹಾಡುಗಳ ಮೂಲ ಸಾಲು ಹಾಕಿ, ತೊಂದ್ರೆ ಇಲ್ಲ. ನಮ್ಮಲ್ಲಿ ಬರೆದವ್ರು ತೀರ್ಕೊಂಡು 60 ವರ್ಷ ಆಗಿರಬೇಕು, ಇಂಗ್ಲೆಂಡಲ್ಲಿ 70. ಆದ್ರೆ ‘ವೈಟ್ ಕ್ರಿಸ್ಮಸ್’ ಮುಟ್ಟಬೇಡಿ, ಹಾಡು 1942ರದ್ದೇ ಆದ್ರೂ ಬರೆದ ಇರ್ವಿಂಗ್ ಬರ್ಲಿನ್ 101 ವರ್ಷ ಬದುಕಿ ತೀರ್ಕೊಂಡಿದ್ದು 1989ರಲ್ಲಿ. ಕನ್ನಡ, ಕೊಂಕಣಿ ಅನುವಾದ ಹಾಕೋದಾದ್ರೆ ಅನುವಾದಕರ ಹಕ್ಕು ಬೇರೆ ಇರತ್ತೆ, ಅವ್ರನ್ನ ಹುಡುಕಿ ಕೇಳಿ, ಇಲ್ಲಾ ನೀವೇ ಅನುವಾದ ಮಾಡಿ.

ಹಾರ್ಡ್ ಬೈಂಡ್ ವಿಷ್ಯಕ್ಕೆ ಮತ್ತೆ ಡಿಕನ್ಸೇ ಬರ್ತಾನೆ, ಅವನ ‘ಎ ಕ್ರಿಸ್ಮಸ್ ಕ್ಯಾರಲ್’ ನೋಡಿ. ಕೆಂಪು ಬಟ್ಟೆ ರಟ್ಟು, ಬಂಗಾರದ ಬಣ್ಣದ ಅಂಚು, ಬಣ್ಣ ತುಂಬಿದ ಚಿತ್ರ, ಬೆಲೆ ಐದು ಶಿಲ್ಲಿಂಗ್. ಡಿಸೆಂಬರ್ 19ಕ್ಕೆ ಬಂದ 6000 ಪ್ರತಿ ಕ್ರಿಸ್ಮಸ್ ಒಳಗೇ ಖಾಲಿ, ಆದ್ರೆ 1000 ಪೌಂಡ್ ಸಿಗತ್ತೆ ಅಂದ್ಕೊಂಡಿದ್ದವನ ಕೈಗೆ ಉಳಿದಿದ್ದು 230. ಚಿನ್ನದಂಚು ತಿಂದುಹಾಕ್ತು. (ಅದೇ 1843ರಲ್ಲಿ ನಿಮ್ಮೂರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಲ್ಲಿ ಸರಳವಾಗಿ ಬಂತು, ಜನ ಇವತ್ತಿಗೂ ನೆನೆಸ್ಕೊಳ್ತಾರೆ.) ಪೇಪರ್‌ಬ್ಯಾಕ್ ಮಾಡ್ಸಿ, ಮೊದಲು ಆರ್ಡರ್ ತಗೊಂಡು ಆಮೇಲೆ ಪ್ರಿಂಟಿಗೆ ಕೊಡಿ, ಪ್ರತಿ ಒಂದಕ್ಕೆ ಎಷ್ಟು ರೂಪಾಯಿ ಪೇಷೆಂಟ್‌ಗೆ ಹೋಗತ್ತೆ ಅಂತ ಮೊದಲನೇ ಪುಟದಲ್ಲೇ ಹಾಕಿ. ದುಡ್ಡು ಯಾವ ಸಂಸ್ಥೆಗೆ ಹೋಗತ್ತೋ ಅವರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ.

ಪ್ರಶ್ನೆ: ಹಿಮನೇ ನೋಡಿಲ್ಲ ನಾನು. ಕ್ರಿಸ್ಮಸ್ ಕಥೇಲಿ ಹಿಮ ಬೀಳ್ಲೇಬೇಕಾ? (ಉಡುಪಿಯಿಂದ, ಪಿಯುಸಿ ವಿದ್ಯಾರ್ಥಿನಿ)

ಉತ್ತರ: ಬೇಡಮ್ಮ. ಕ್ರಿಸ್ಟಿನಾ ರೊಸೆಟ್ಟಿ ಅನ್ನೋ ಕವಯಿತ್ರಿ ಯೇಸು ಹುಟ್ಟಿದ ಬೆತ್ಲೆಹೇಮ್ ಮೇಲೆ ಹಿಮದ ಮೇಲೆ ಹಿಮ ಸುರಿಸಿದ್ಲು, ಅದು ಅವಳ ಲಂಡನ್ನಿನ ಹವಾಮಾನ, 1872ರಲ್ಲಿ ಅಚ್ಚಾದ ಆ ಪದ್ಯ ಆಮೇಲೆ ಕ್ಯಾರಲ್ಲೂ ಆಯ್ತು, ಯಾರೂ ತಕರಾರು ಮಾಡ್ಲಿಲ್ಲ. ನೀನು ನಿನ್ನೂರಿನ ಡಿಸೆಂಬರ್ ತಗೊಂಡು ಬಾ. ಅಂಗಳದಲ್ಲಿ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹುಲ್ಲು ಹಾಸೋದು, ಪಕ್ಕದ ಮನೆ ಬಾಯಮ್ಮ ಕುಸ್ವಾರ್ (ಕ್ರಿಸ್ಮಸ್ ತಿಂಡಿ) ತಟ್ಟೆ ಹಿಡ್ಕೊಂಡು ಬರೋದು, ತಟ್ಟೆ ಖಾಲಿ ವಾಪಸ್ ಕಳಿಸಬಾರದು ಅಂತ ನಿಮ್ಮಮ್ಮ ಅಡುಗೆಮನೇಲಿ ಡಬ್ಬಿ ಡಬ್ಬಿ ತಡಕಾಡೋದು. ಎರಡು ಪುಟ ಸಾಕು, ಬರೆದು ಕಳಿಸು.