ಬಿಸಿಲು ಬೀಳುವ ಕೈತೋಟಕ್ಕೆ ಜಾಸ್ತಿ ಆರೈಕೆ ಬೇಡದ, ವರ್ಷಗಟ್ಟಲೆ ಉಳಿಯುವ ಹೂಗಿಡ ಯಾವುದು?

ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೀಳುತ್ತದೆ ಅಂದರೆ ಅರ್ಧ ಕೆಲಸ ಮುಗಿದಂತೆ.

ನನ್ನ ಮೊದಲ ಆಯ್ಕೆ ನಿತ್ಯಪುಷ್ಪ. ಕಲ್ಲಿನ ಸಂದಿಯಲ್ಲೂ ಬೆಳೆಯುತ್ತದೆ, ಬಿದ್ದ ಬೀಜದಿಂದ ತಾನೇ ಹುಟ್ಟಿಕೊಳ್ಳುತ್ತದೆ, ಬಾಡಿದ ಹೂ ತಾನಾಗಿ ಉದುರುವುದರಿಂದ ಕೀಳುವ ಕೆಲಸವೂ ಇಲ್ಲ. ಆದರೆ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಹಿಮ ಬೀಳುವ ಕಡೆ ಚಳಿಗಾಲ ದಾಟುವುದೂ ಇಲ್ಲ. ಅಂಥ ಕಡೆ ಡೇಲಿಲಿ ಹಾಕಿ. ಒಂದು ಹೂ ಅರಳಿರುವುದು ಸುಮಾರು ಒಂದೇ ದಿನ, ಆದರೆ ಅದೇ ಕಡ್ಡಿಯಲ್ಲಿ ಇನ್ನಷ್ಟು ಮೊಗ್ಗು ಸರದಿಗೆ ಕಾಯುತ್ತಿರುತ್ತವೆ. ಮನೆಯಲ್ಲಿ ಬೆಕ್ಕಿದ್ದರೆ ಮಾತ್ರ ಬೇಡ, ಅದಕ್ಕೆ ವಿಷ.

ಹಿಮದ ಕಾಟವಿಲ್ಲದೆ ಜಾಗವೂ ಧಾರಾಳವಾಗಿದ್ದರೆ ಕಾಗದದ ಹೂ. ಬಣ್ಣವಾಗಿ ಕಾಣುವುದು ಅಸಲಿಗೆ ಎಲೆಯೇ, ನಿಜವಾದ ಹೂ ನಡುವಿನ ಪುಟ್ಟ ಬಿಳಿ ಕೊಳವೆ! ಇದಕ್ಕೆ ಮುದ್ದು ಮಾಡಲೇಬಾರದು. ಪಾಪ ಅಂತ ಸುಮ್ನೆ ನೀರು, ಗೊಬ್ಬರ ಸುರಿದರೆ ಸೊಂಪಾಗಿ ಎಲೆ ಬರುತ್ತದೆಯೇ ಹೊರತು ಹೂವಲ್ಲ, ಮಣ್ಣು ಚೆನ್ನಾಗಿ ಒಣಗಿದ ಮೇಲೆ ನೀರು ಹಾಕಿದರೆ ಮೈತುಂಬಾ ಬಣ್ಣ. ಮುಳ್ಳಿರುತ್ತದೆ, ಓಡಾಡುವ ದಾರಿಯ ಪಕ್ಕ ನೆಡಬೇಡಿ.

ಗೈಲಾರ್ಡಿಯಾ ಕೂಡ ಸುಲಭ, ಬರಡು ಮಣ್ಣೂ ಆಗುತ್ತದೆ, ಆದರೆ ಎರಡು ಮೂರು ವರ್ಷಕ್ಕೆ ಸೊರಗುತ್ತದೆ.

ಇನ್ನೊಂದು ವಿಷಯ. ಆರೈಕೆ ಬೇಡ ಅಂದರೆ ನೆಟ್ಟ ದಿನದಿಂದಲೇ ಬೇಡ ಅಂತಲ್ಲ. ಮೊದಲ ವರ್ಷ ಬೇರು ಆಳಕ್ಕೆ ಇಳಿಯುವ ತನಕ ನೀರು ಬೇಕೇ ಬೇಕು. ದಿನಾ ಚೂರುಚೂರು ಚಿಮುಕಿಸುವ ಬದಲು ಕೆಲವು ದಿನಕ್ಕೊಮ್ಮೆ ಚೆನ್ನಾಗಿ ನೆನೆಯುವಂತೆ ಹಾಕಿ, ಬುಡದ ಸುತ್ತ ಒಣ ಎಲೆ ಹೊದಿಸಿ.