ಚಾರ್ಟ್ ಸಾಹೇಬರಿಗೆ, ಶೀಟ್ ನಿಮಗೆ

ಪ್ರಶ್ನೆ: ಸರ್, ನನಗೆ ಕಣ್ಣು ಕಾಣುವುದಿಲ್ಲ. ಶಿವಮೊಗ್ಗದಲ್ಲಿ ಒಬ್ಬ ಕಟ್ಟಡ ಕಂಟ್ರಾಕ್ಟರ್ ಹತ್ತಿರ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಈಗ ತೀರ್ಥಹಳ್ಳಿ ಕಡೆ ಅಡಿಕೆ ಗೋದಾಮು ಕಟ್ಟುತ್ತಿದ್ದೇವೆ. ಪ್ರತಿ ಸೋಮವಾರ ಸಾಹೇಬರಿಗೆ ಗ್ಯಾಂಟ್ ಚಾರ್ಟ್, ಅಂದರೆ ಯಾವ ಕೆಲಸ ಯಾವಾಗ ಅಂತ ಬಾರ್‌ಗಳಲ್ಲಿ ತೋರಿಸುವ ಚಿತ್ರ ಬೇಕು. ಪರದೆ ಓದಿ ಹೇಳುವ ನನ್ನ ಸ್ಕ್ರೀನ್ ರೀಡರ್ ಎನ್‌ವಿಡಿಎಗೆ ಆ ಬಾರ್‌ಗಳನ್ನು ಓದಲು ಬರುವುದಿಲ್ಲ. ಪ್ರತಿ ಸಲ ಪಕ್ಕದವರನ್ನು ಕರೆದು ಮೌಸ್ ಹಿಡಿಸಬೇಕು. ನಾನೇ ಮಾಡುವ ದಾರಿ ಇದೆಯಾ?

ಉತ್ತರ: ಇದೆ. ನಾನೂ ಸ್ಕ್ರೀನ್ ರೀಡರ್ ಕೇಳಿಕೊಂಡೇ ಕೆಲಸ ಮಾಡುವವನು. ಈ ಬಾರ್‌ಗಳ ಹಿಂದೆ ಬಿದ್ದು ಸುಮ್ನೆ ಎಷ್ಟೋ ದಿನ ಕಳೆದಿದ್ದೇನೆ. ಆಮೇಲೆ ಹೊಳೆದದ್ದು ಇಷ್ಟು: ಒಂದು ಬಾರ್‌ನಲ್ಲಿರುವುದು ಯಾವತ್ತು ಶುರು, ಎಷ್ಟು ದಿನ, ಯಾವ ಕೆಲಸ ಆದ ಮೇಲೆ ಅನ್ನುವ ಮೂರೇ ವಿಷಯ. ಮೂರೂ ಎಕ್ಸೆಲ್‌ನಲ್ಲಿ ಬರೆಯುವಂಥವು. ಶೀಟ್ ನಿಮ್ಮ ಕೈಯಲ್ಲಿರಲಿ, ಚಿತ್ರವನ್ನು ಕಂಪ್ಯೂಟರ್ ಬರೆದುಕೊಳ್ಳಲಿ.

ಆರು ಕಾಲಂ ಸಾಕು: ನಂಬರ್, ಕೆಲಸ, ಯಾವುದಾದ ಮೇಲೆ, ದಿನ, ಶುರು, ಮುಗಿಯುವ ತಾರೀಖು. ಮೊದಲ ಹೆಡಿಂಗ್ ಮೇಲೆ ನಿಂತು ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಶಿಫ್ಟ್, ಸಿ ಒಟ್ಟಿಗೆ ಒತ್ತಿ. ಆಮೇಲೆ 40ನೇ ಸಾಲಿನಲ್ಲಿದ್ದರೂ ಬಲಕ್ಕೆ ಸರಿದಂತೆಲ್ಲ ಹೆಡಿಂಗ್ ಹೇಳಿ, ನಂತರ ತಾರೀಖು ಓದುತ್ತದೆ.

ತಾರೀಖನ್ನು ಕೈಯಲ್ಲಿ ಹಾಕಬೇಡಿ. ವರ್ಕ್‌ಡೇ ಡಾಟ್ ಐಎನ್‌ಟಿಎಲ್ (WORKDAY.INTL) ಅನ್ನುವ ಫಾರ್ಮುಲಾ ಇದೆ. ಅದಕ್ಕೆ ಕೊಡಬೇಕಾದದ್ದು ನಾಲ್ಕು: ಶುರುವಿನ ತಾರೀಖು, ದಿನ, 11, ರಜೆಗಳ ಪಟ್ಟಿ. 11 ಅಂದರೆ ವಾರಕ್ಕೆ ಭಾನುವಾರ ಒಂದೇ ರಜೆ. ಇದು ಮರುದಿನದಿಂದ ಎಣಿಸುತ್ತದೆ, ಹಾಗಾಗಿ ಮುಗಿಯುವ ತಾರೀಖಿಗೆ ದಿನದಲ್ಲಿ ಒಂದು ಕಳೆದು ಕೊಡಿ. ಮುಂದಿನ ಕೆಲಸದ ಶುರುವಿಗೆ, ಹಿಂದಿನದು ಮುಗಿಯುವ ತಾರೀಖು ಕೊಟ್ಟು ದಿನದ ಜಾಗದಲ್ಲಿ 1 ಹಾಕಿ. ಪಾಯ ತೋಡುವುದು ನಾಲ್ಕು ದಿನ ತಡವಾಯ್ತಾ? ಆ ಒಂದು ಅಂಕಿ ಬದಲಿಸಿದರೆ ಅದಕ್ಕೆ ಕಾದಿರುವ ಸಾಲುಗಳೆಲ್ಲ ತಾವೇ ಸರಿದುಕೊಳ್ಳುತ್ತವೆ.

ರಜೆ ಪಟ್ಟಿಯಲ್ಲಿ ದೀಪಾವಳಿ ಎಲ್ಲರೂ ಬರೆಯುತ್ತಾರೆ. ಭೂಮಿ ಹುಣ್ಣಿಮೆ ಬಿಟ್ಟುಬಿಡುತ್ತಾರೆ. ಅವತ್ತು ನಮ್ಮ ಕಡೆ ಕೆಲಸಕ್ಕೆ ಯಾರು ಬರ್ತಾರೆ ಹೇಳಿ? ಮಣ್ಣು ಕೆಲಸಕ್ಕೆ ಬೇರೆಯೇ ಪಟ್ಟಿ ಮಾಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳನ್ನೆಲ್ಲ ಅದರಲ್ಲಿ ಸೇರಿಸಿ. ಒಳಗಿನ ಪ್ಲಾಸ್ಟರಿಂಗ್‌ಗೆ ಮಾಮೂಲಿ ಪಟ್ಟಿ ಸಾಕು. ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಒದ್ದೆಯಾಗಿಡುವ ದಿನಗಳಿಗೆ ಮಾತ್ರ ಈ ಫಾರ್ಮುಲಾ ಹಾಕಬೇಡಿ. ಕಾಂಕ್ರೀಟ್‌ಗೆ ಭಾನುವಾರವೂ ನೀರು ಬೇಕು ಅಲ್ವಾ? ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟ್ ಆದರೆ ಕನಿಷ್ಠ 10 ದಿನ, ನೇರವಾಗಿ ಕೂಡಿಸಿ.

ಇನ್ನು ಸಾಹೇಬರ ಚಿತ್ರ. ಅದೇ ಶೀಟ್‌ನಿಂದ ಸ್ಟ್ಯಾಕ್ಡ್ ಬಾರ್ ಚಾರ್ಟ್ ಹಾಕಿ. ಮೊದಲ ಸೀರೀಸ್ (ಬಾರ್‌ನ ಮೊದಲ ತುಂಡು) ಶುರುವಿನ ತಾರೀಖು. ಎರಡನೆಯದಕ್ಕೆ ಇನ್ನೊಂದು ಕಾಲಂ ಮಾಡಿ, ಮುಗಿಯುವ ತಾರೀಖಿನಿಂದ ಶುರು ಕಳೆದು ಒಂದು ಕೂಡಿಸಿ; ದಿನದ ಕಾಲಂ ಕೊಟ್ಟರೆ ರಜೆಗಳು ಬಿಟ್ಟುಹೋಗಿ ಬಾರ್ ಗಿಡ್ಡವಾಗುತ್ತದೆ. ಮೊದಲನೆಯದಕ್ಕೆ ಬಣ್ಣ ತೆಗೆಯಲೇಬೇಕು. ನಾನು ಒಮ್ಮೆ ಮರೆತು ಹಾಗೇ ಕಳಿಸಿದ್ದೆ. ಮೀಟಿಂಗ್‌ನಲ್ಲಿ ಒಬ್ಬರು, "ಏನ್ರೀ, ಪಾಯ, ಗಿಲಾವು, ಪೇಂಟಿಂಗ್ ಎಲ್ಲ ಒಂದೇ ದಿನ ಶುರುನಾ?" ಅಂದಾಗಲೇ ಗೊತ್ತಾಗಿದ್ದು. ಇನ್ನೊಂದು ಕಿರಿಕಿರಿ: ಎಕ್ಸೆಲ್ ಮೊದಲ ಕೆಲಸವನ್ನು ಕೆಳಗೆ ಹಾಕುತ್ತದೆ. ಆಕ್ಸಿಸ್ ಸೆಟ್ಟಿಂಗ್‌ನಲ್ಲಿ ತಿರುವಿ ಹಾಕಬೇಕು. ಇದನ್ನೆಲ್ಲ ಕಣ್ಣಿರುವ ಗೆಳೆಯರೊಬ್ಬರ ಜೊತೆ ಒಂದು ಸಲ ಕೂತು ಸರಿಮಾಡಿ ಉಳಿಸಿಟ್ಟುಕೊಳ್ಳಿ. ಮುಂದೆ ತಾರೀಖು ಬದಲಾದರೆ ಬಾರ್ ತಾನೇ ಬದಲಾಗುತ್ತದೆ.

ಕಂಪನಿಯಲ್ಲಿ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಇದ್ದರೆ ಬಲಗಡೆಯ ಬಾರ್‌ಗಳನ್ನು ಮರೆತುಬಿಡಿ, ಎಡಗಡೆಯ ಟೇಬಲ್‌ನಲ್ಲೇ ಇರಿ. ಎಕ್ಸೆಲ್‌ನಷ್ಟು ಸಲೀಸಲ್ಲ, ಆದರೆ ಟೋಟಲ್ ಸ್ಲ್ಯಾಕ್ (ಆ ಕೆಲಸ ಎಷ್ಟು ದಿನ ತಡವಾದರೂ ನಡೆಯುತ್ತದೆ) ಅನ್ನುವ ಕಾಲಂ ಸೇರಿಸಿಕೊಂಡರೆ ಒಳ್ಳೆ ಲಾಭ ಇದೆ. ಸೊನ್ನೆ ಇರುವ ಕೆಲಸ ಒಂದು ದಿನ ತಪ್ಪಿದರೂ ಇಡೀ ಗೋದಾಮು ತಡ. ಉಳಿದವರು ಅಂಥ ಕೆಲಸದ ಕೆಂಪು ಬಾರ್ ಹುಡುಕುವಷ್ಟರಲ್ಲಿ ನೀವು ಸೊನ್ನೆ ಫಿಲ್ಟರ್ ಮಾಡಿ ಹೇಳಿಬಿಡಬಹುದು.

ಟೈಪಿಂಗ್ ಇಷ್ಟ ಇದ್ದರೆ ಮರ್ಮೇಡ್ (Mermaid) ಅನ್ನುವ, ಬರಹದಿಂದ ಚಿತ್ರ ಬಿಡಿಸುವ ಸಾಫ್ಟ್‌ವೇರ್ ನೋಡಿ. ಉಚಿತ. ಒಂದೊಂದು ಸಾಲಿನಲ್ಲಿ ಕೆಲಸದ ಹೆಸರು, ಯಾವುದಾದ ಮೇಲೆ, ಎಷ್ಟು ದಿನ ಅಂತ ಬರೆದರೆ ಅದೇ ಚಾರ್ಟ್ ಬಿಡಿಸುತ್ತದೆ. ಮೌಸ್ ಮುಟ್ಟುವುದೇ ಬೇಡ.

ಪ್ರಶ್ನೆ: ಕನ್ಸಲ್ಟೆಂಟ್ ಪ್ಲಾನ್ ಅನ್ನು ಚಿತ್ರವಾಗಿರುವ ಪಿಡಿಎಫ್‌ನಲ್ಲಿ ಕಳಿಸುತ್ತಾರೆ. ಏನು ಮಾಡಲಿ?

ಉತ್ತರ: ವಿಂಡೋಸ್ 10 ಅಥವಾ 11 ಇದ್ದರೆ ಎನ್‌ವಿಡಿಎ ಕೀ ಜೊತೆ ಆರ್ ಒತ್ತಿ. ಪರದೆಯ ಮೇಲಿನ ಅಕ್ಷರ ಓದುತ್ತದೆ. ಬಾರ್‌ನ ಉದ್ದ ಮಾತ್ರ ಹೇಳುವುದಿಲ್ಲ, ಹಾಗಾಗಿ ಕೆಲಸದ ಹೆಸರು ಸಿಗುತ್ತದೆ, ತಾರೀಖು ಸಿಗುವುದು ಅನುಮಾನ. "ಮೂಲ ಫೈಲ್ ಅಥವಾ ಎಕ್ಸೆಲ್ ಕಳಿಸಿ" ಅಂತ ನೇರವಾಗಿ ಕೇಳಿ. ಸಂಕೋಚ ಬೇಡ. ಆ ಪಿಡಿಎಫ್ ಅವರು ಮಾಡಿದ್ದೂ ಅಂಥದ್ದೇ ಒಂದು ಟೇಬಲ್‌ನಿಂದ. ಕಳಿಸುವುದಕ್ಕೆ ಎರಡು ನಿಮಿಷವೂ ಬೇಡ.